ಸಾವಿಗೆ ಕಾರಣ: ತೋಳ

ನಾನು ಕೊಪ್ಪಳ ಜಿಲ್ಲೆಯ ಒಂದು ಪಶು ಆಸ್ಪತ್ರೆಯಲ್ಲಿ ಡಾಕ್ಟರ್. ಚಳಿಗಾಲದಲ್ಲಿ ಎಫ್‌ಎಂಡಿ, ಅಂದರೆ ಕಾಲುಬಾಯಿ ರೋಗದ ಲಸಿಕೆ ರೌಂಡ್ ನಡೆದಿತ್ತು. ದಿನಾ ಲಸಿಕೆ, ರಾತ್ರಿ ಆ್ಯಪ್‌ಗೆ ಎಂಟ್ರಿ, ಅದೋ ಸುತ್ತುತ್ತಲೇ ಇರುತ್ತೆ. ಅದರ ಮಧ್ಯೆ ಗಂಗಾವತಿ ಕಡೆಯ ಒಂದು ಊರಿಂದ ಫೋನ್. ದೊಡ್ಡಿಯಲ್ಲಿ ಒಂಬತ್ತು ಕುರಿ ಸತ್ತಿವೆ, ಪೋಸ್ಟ್‌ಮಾರ್ಟಂ ಮಾಡಬೇಕು.

ಐದು ನಿಮಿಷದಲ್ಲಿ ಗೊತ್ತಾಯಿತು. ಹಿಂಗಾಲು, ಕೆಚ್ಚಲು, ಕಿವಿ, ಸಿಕ್ಕ ಕಡೆಯೆಲ್ಲ ಕಚ್ಚಿದ ಗಾಯ. ತಿಂದದ್ದು ಇಲ್ಲವೇ ಇಲ್ಲ. ತೋಳ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕುತ್ತೆ, ಒಂದನ್ನು ಎಳೆದುಕೊಂಡು ಹೋಗುತ್ತೆ. ಇದು ಕೋಳಿ ಅಂಗಡಿ ಕಸ ತಿಂದು ಕೊಬ್ಬಿದ ನಾಯಿಗಳ ಕೆಲಸ.

"ನಾಯಿ ಅಂತ ಬರದ್ರ ಫಾರೆಸ್ಟ್‌ನವ್ರು ರೊಕ್ಕ ಕೊಡಂಗಿಲ್ರೀ ಡಾಕ್ಟ್ರ" ಅಂದರು ಯಜಮಾನರು. ನಿಜ, ಕಾಡುಪ್ರಾಣಿ ಕೊಂದರೆ ಮಾತ್ರ ಅಲ್ಲಿ ಪರಿಹಾರ. ಕಾಲಂನಲ್ಲಿ "ತೋಳ" ಅಂತ ಬರೆದು ಸೀಲ್ ಒತ್ತಿದೆ. ಪುಣ್ಯ ಕಟ್ಟಿಕೊಂಡೆ ಅನ್ನೋ ಖುಷಿಯಲ್ಲಿ ಅವರ ಚಹಾನೂ ಕುಡಿದೆ.

ನಾಲ್ಕನೇ ದಿನ ಫಾರೆಸ್ಟ್ ವಾಚರ್ ಫೋನ್ ಮಾಡಿದ. "ಸರ, ನಿಮ್ಮ ಕಾಗದ ಊರ ವಾಟ್ಸ್‌ಆ್ಯಪ್‌ನಾಗ ಓಡಾಡಾಕತ್ತೈತ್ರೀ. ಮಂದಿ ಹುಲ್ಲು, ಮೆಣಸಿನಕಾಯಿ ತಗೊಂಡು ಗುಡ್ಡಕ್ಕ ಹೊಂಟಾರ."

ಅದು ತೋಳ ಮರಿ ಹಾಕುವ ಕಾಲ. ನಮ್ಮ ಜಿಲ್ಲೆಯ ಬಂಕಾಪುರದಲ್ಲಿ 332 ಎಕರೆ ತೋಳ ಧಾಮ ಇದೆ, ಸರಿ. ಆದರೆ ಒಂದೇ ರಾತ್ರಿ ಹತ್ತಾರು ಕಿಲೋಮೀಟರ್ ನಡೆಯೋ ಪ್ರಾಣಿಗೆ ಅದು ಎಷ್ಟರ ಜಾಗ?

ನಾನು ಮುಟ್ಟುವಷ್ಟರಲ್ಲಿ ಬಿಲದ ಬಾಯಿಗೆ ಹೊಗೆ ಹಾಕಿದ್ದರು. ಇಪ್ಪತ್ತು ಜನ, ಎಲ್ಲರೂ ಕೆಮ್ಮುತ್ತಿದ್ದರು. ವಾಚರ್ ಒಬ್ಬನೇ ಒದರುತ್ತಿದ್ದ: "ದೇಶದಾಗ ಹುಲಿ ಮೂರೂವರೆ ಸಾವಿರದ ಮ್ಯಾಲ ಅದಾವ, ತೋಳ ಮೂರು ಸಾವಿರದ ಆಸುಪಾಸು ಅಷ್ಟ!" ಯಾರೂ ಕಿವಿಗೊಡಲಿಲ್ಲ. ತೋಳ ವನ್ಯಜೀವಿ ಕಾಯ್ದೆಯ ಷೆಡ್ಯೂಲ್ 1ರಲ್ಲಿದೆ, ಕೊಂದರೆ ಜೈಲು ಅಂದ. ಒಬ್ಬ ಹುಡುಗ ಮೊಬೈಲ್ ಎತ್ತಿ ನನ್ನ ಸೀಲ್ ತೋರಿಸಿದ.

ಯಜಮಾನರು ಅಲ್ಲೇ ಇದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟರೆ ಅವರ ರೊಕ್ಕ ಹೋಗುತ್ತೆ, ನನ್ನ ನೌಕರಿಗೂ ಕುತ್ತು. ಒಂದೆರಡು ನಿಮಿಷ ಸುಮ್ನೆ ನಿಂತಿದ್ದೆ. ಆ ಎರಡು ನಿಮಿಷ ಹೊಗೆ ಒಳಗೆ ಹೋಗುತ್ತಲೇ ಇತ್ತು.

"ನಾಯಿ ಕಚ್ಚಿದ್ದು. ನಾನು ಸುಳ್ಳು ಬರೆದೆ" ಅಂದೆ.

"ಹಂಗಾರ ಹೋದ ವರ್ಷ ಬರದಿದ್ದೂ ಸುಳ್ಳೇನ್ರೀ?" ಅಂದ ಒಬ್ಬ. ಉತ್ತರ ಕೊಡಲಿಲ್ಲ. ಹೋದ ವರ್ಷವೂ ಎರಡು ಹಂಗೇ ಬರೆದಿದ್ದೆ.

ವಾಚರ್ ಬೆಂಕಿ ಒದ್ದು ಆರಿಸಿದ. ಮರುದಿನ ಬೆಳಿಗ್ಗೆ ಬಿಲ ಖಾಲಿ. ತಾಯಿ ತೋಳ ಎಷ್ಟು ಮರಿ ಎತ್ತಿಕೊಂಡು ಹೋಯಿತೋ.

ರಿಪೋರ್ಟ್ ತಿದ್ದಿ ಕೊಟ್ಟೆ, ಮೆಮೋ ಬಂತು, ಉತ್ತರ ಬರೆದೆ. ಅಂದಹಾಗೆ, ಕಾಲಂನಲ್ಲಿ "ನಾಯಿ" ಅಂತ ಬರೆದರೆ ಆ ಊರ ನಾಯಿಗಳಿಗೆ ಯಾರು ಜವಾಬ್ದಾರಿ ಅಂತ ಮೆಮೋದಲ್ಲಿ ಇರಲಿಲ್ಲ.

ಯಜಮಾನರು ಈಗ ಕುರಿಗೆ ಏನಾದರೂ ಆದರೆ ಕಾಂಪೌಂಡರ್‌ಗೆ ಫೋನ್ ಮಾಡುತ್ತಾರೆ.