ನಮ್ಮವ ಒಬ್ಬ ನಿಂತಿದ್ದಾಗ ಆ ಕೊಂಕಣಿ ಬಾಯಿ ಹಿಂದ ಯಾಕ ತಿರುಗಿದಿ?

ಈ ಪ್ರಶ್ನಿ 2022ರಿಂದ ನನ್ನ ಬೆನ್ನು ಬಿಟ್ಟಿಲ್ಲ. ಅಂಗಡಿಗೆ ಬ್ಲೌಸ್ ಹೊಲಸಾಕ ಬಂದವ್ರು ಕೇಳ್ತಾರ, ಊರಿಗೆ ಹೋದ್ರ ತವರುಮನಿ ಮಂದಿ ಕೇಳ್ತಾರ, ಇಲ್ಲಿ ವಾಸ್ಕೋದಾಗ ರಾಜ್ಯೋತ್ಸವಕ್ಕ ಸೇರೋ ನಮ್ಮ ಮಂದಿ ಅಂತೂ ಪ್ರತಿ ವರ್ಷ ಕೇಳ್ತಾರ. ಗೋವಾ ಅಸೆಂಬ್ಲಿ ಎಲೆಕ್ಷನ್‌ನಾಗ ಕನ್ನಡ ಮಾತಾಡವ್ರು ಒಬ್ರು ನಿಂತಿದ್ರು, ನೀ ಅವ್ರನ್ನ ಬಿಟ್ಟು ಪಕ್ಷಾನೂ ಇಲ್ಲದ ರೊಕ್ಕಾನೂ ಇಲ್ಲದ ಒಬ್ಬ ಗೋವಾದ ಹೆಣ್ಮಗಳ ಸಲುವಾಗಿ ಒಂದು ತಿಂಗಳು ಅರ್ಧರ್ಧ ದಿನ ಅಂಗಡಿ ಮುಚ್ಚಿ ಓಣಿ ಓಣಿ ಓಡಾಡಿದಿ, ಅದೂ ನಿನಗ ಇಲ್ಲಿ ಓಟೇ ಇರಲಿಲ್ಲ, ಯಾಕ? ಒಬ್ಬೊಬ್ರಿಗೆ ತುಣುಕು ತುಣುಕಾಗಿ ಹೇಳಿ ಸಾಕಾಗೈತಿ, ಅದಕ್ಕ ಪೂರಾ ಇಲ್ಲೇ ಬರದು ಇಡ್ತೀನಿ. 2027ರ ಎಲೆಕ್ಷನ್ ಹತ್ರ ಬಂದಂಗ ಮತ್ತ ಕೇಳ್ತೀರಿ ಅಂತ ಗೊತ್ತೈತಿ.

ನಂದು ನರಗುಂದ ಕಡಿ. ಮದುವಿ ಆಗಿ ವಾಸ್ಕೋಕ್ಕ ಬಂದು 20 ವರ್ಷ ದಾಟ್ಯಾವ. ಯಜಮಾನ್ರು ಅದಿರಿನ ಟ್ರಕ್ ಓಡಿಸ್ತಿದ್ರು, 2012ರಾಗ ಗಣಿ ಬಂದ್ ಆತು, ಆಮ್ಯಾಲೆ ಸಿಕ್ಕ ಕೆಲಸ. ನಂದು ಹೊಲಿಗಿ. ನಮ್ಮ ಓಣಿಯಾಗ ಬಾಗಲಕೋಟಿ, ವಿಜಯಪುರ, ಕೊಪ್ಪಳ, ಗದಗ ಎಲ್ಲಾ ಕಡಿಯವ್ರೂ ಅದಾರ, ಗೌಂಡಿ ಕೆಲಸದವ್ರು, ಬಂದರದಾಗ ಹಮಾಲಿ ಮಾಡವ್ರು, ಮೀನ ಮಾರ್ಕೆಟ್‌ನಾಗ ಬುಟ್ಟಿ ಹೊರೋರು. ಇಲ್ಲೇ ದುಡಿದು, ಇಲ್ಲೇ ಹಡದು, ಮಕ್ಕಳನ್ನ ಇಲ್ಲೇ ಸಾಲಿಗೆ ಹಾಕ್ಯಾರ, ಆದ್ರ ಭಾಳ ಮಂದಿ ಹೆಸರು ಇನ್ನೂ ಊರಿನ ಓಟರ್ ಲಿಸ್ಟ್‌ನಾಗೇ ಐತಿ. 2023ರ ಮೇ 10ಕ್ಕ ಕರ್ನಾಟಕದಾಗ ಓಟ್ ಇದ್ದಾಗ ಗೋವಾ ಸರ್ಕಾರ ಇಲ್ಲಿ ಪಗಾರ ಸಹಿತ ರಜಾ ಕೊಟ್ಟಿತ್ತು, ಫ್ಯಾಕ್ಟರಿಯವ್ರು ಯಾರದೋ ರಾಜ್ಯದ ಎಲೆಕ್ಷನ್‌ಗೆ ನಮಗ್ಯಾಕ ಬಂದ್ ಅಂತ ಸಿಟ್ಟಾಗಿದ್ರು, ನೆನಪೈತಲ್ಲ. ಅಷ್ಟು ಮಂದಿ ಇದೀವಿ ನಾವು ಇಲ್ಲಿ, ಓಟ್ ಅಲ್ಲಿ ಇಟ್ಟುಕೊಂಡು.

ಇದು ಯಾಕ ಮುಖ್ಯ ಅಂದ್ರ, ಗೋವಾದಾಗ ಎಂಎಲ್ಎ ಕ್ಷೇತ್ರ ಅಂದ್ರ ಅಂಗೈಯಷ್ಟು. ಇಡೀ ರಾಜ್ಯಕ್ಕ 40 ಸೀಟು, ಓಟರ್ಸ್ ಹನ್ನೊಂದೂವರೆ ಲಕ್ಷದ ಆಸುಪಾಸು, ಅಂದ್ರ ಒಂದು ಕ್ಷೇತ್ರಕ್ಕ ಸುಮಾರು 29 ಸಾವಿರ. ನಮ್ಮ ಕರ್ನಾಟಕದಾಗ ಒಂದೊಂದು ಕ್ಷೇತ್ರಕ್ಕ ಎರಡು ಲಕ್ಷದ ಮ್ಯಾಲೆ ಇರ್ತಾರ. 2022ರಾಗ ಸೇಂಟ್ ಆಂದ್ರೆ ಕ್ಷೇತ್ರ ಬರೇ 76 ಓಟಿನ ಮ್ಯಾಲೆ ತೀರ್ಮಾನ ಆತು. ಹಿಂಗಾಗಿ ಇಲ್ಲಿ ಕ್ಯಾಂಡಿಡೇಟ್ ಆದವ್ರು ಓಣಿ ಲೆಕ್ಕ ಅಲ್ಲ, ಮನಿ ಲೆಕ್ಕ ಇಡ್ತಾರ, ಈ ಮನಿಯಾಗ 4, ಆ ಮನಿಯಾಗ 2, ಇದ್ರಾಗ ಸೊನ್ನಿ. ಸೊನ್ನಿ ಮನಿ ಮುಂದ ಯಾರೂ ನಿಲ್ಲೂದಿಲ್ಲ. ನಂದೂ ಸೊನ್ನಿ ಮನಿ.

ಈಗ ಬಾಯಿ ವಿಷಯಕ್ಕ ಬರ್ತೀನಿ. ಹೆಸರು ಬರಿಯೂದಿಲ್ಲ, ಅವ್ರಿಗೆ ಇಷ್ಟ ಇಲ್ಲ, ಕ್ಷೇತ್ರಾನೂ ಮುರಗಾಂವ ತಾಲೂಕಿನ ನಾಲ್ಕರಾಗ ಒಂದು ಅಂದ್ರ ಸಾಕು. ಬಾಲವಾಡಿಯಾಗ ಮಕ್ಕಳಿಗೆ ಕಲಿಸ್ತಿದ್ರು, ಇಲ್ಲಿ ಟೀಚರಮ್ಮಗ ಬಾಯಿ ಅಂತಾರ, ಹಂಗಾಗಿ ಎಲ್ಲರಿಗೂ ಬಾಯಿ. ನನಗ ಅವ್ರ ಗುರ್ತ ಸರಿಯಾಗಿ ಆದದ್ದು 2020ರ ಲಾಕ್‌ಡೌನ್‌ನಾಗ. ಕೆಲಸ ನಿಂತು ತಿಂಗಳ ಮ್ಯಾಲಾಗಿತ್ತು, ಮಂದಿಗೆ ಊರು ಮುಟ್ಟಿದ್ರ ಸಾಕಾಗಿತ್ತು, ಆದ್ರ ಕರ್ನಾಟಕದೊಳಗ ಕಾಲಿಡಬೇಕಂದ್ರ ಸೇವಾ ಸಿಂಧು ಪೋರ್ಟಲ್‌ನಾಗ ಅರ್ಜಿ ಹಾಕಿ ಪಾಸ್ ತಗೋಬೇಕಿತ್ತು. ನಮ್ಮ ಮಂದಿ ಕೈಯಾಗ ಇದ್ದದ್ದು ಬಟನ್ ಫೋನ್. ಬಾಯಿ ತಮ್ಮ ಫೋನ್ ತಗೊಂಡು ನಮ್ಮ ಓಣಿ ಬಾಯಾಗಿನ ಕಟ್ಟಿ ಮ್ಯಾಲೆ ಮುಂಜಾನಿ ಬಂದು ಕುಂತ್ರು. ಅವ್ರಿಗೆ ಕನ್ನಡ ಓದಾಕ ಬರೂದಿಲ್ಲ, ನನಗ ಇಂಗ್ಲಿಷ್ ಅಷ್ಟಕ್ಕಷ್ಟ, ಇಬ್ರೂ ಕೂಡಿ ಒಬ್ಬೊಬ್ರ ಆಧಾರ್ ನಂಬರ್ ಒತ್ತೂದು, ಓಟಿಪಿ ಬರಲಿ ಅಂತ ಕಾಯೂದು, ಬಂದ ಓಟಿಪಿ ಓಣಿ ಆ ಕಡಿಯಿಂದ ಕೂಗಿ ಹೇಳೂದು, ಅಷ್ಟರಾಗ ಟೈಮ್ ಮುಗಿದು ಮತ್ತ ಮೊದಲಿಂದ. ಹಂಗ ಒಂಬತ್ತು ದಿನ ಕುಂತೀವಿ. ಆ ಪಾಸ್ ಹಿಡಕೊಂಡು ಮೊಲೆಂ ದಾಟಿ ಘಾಟ್ ಹತ್ತಿ ಹೋದವ್ರ ಪೈಕಿ ಒಬ್ರಿಗೂ ಇಲ್ಲಿ ಓಟ್ ಇರಲಿಲ್ಲ, ಎಷ್ಟೋ ಮಂದಿ ತಿರುಗಿ ಗೋವಾಕ್ಕ ಬರಲೂ ಇಲ್ಲ. ಇದು ನನ್ನ ಉತ್ತರದ ಮುಕ್ಕಾಲು ಭಾಗ. ಮುಂದ ಜೂನ್‌ನಾಗ ಮಾಂಗೋರ್ ಹಿಲ್ ಸೀಲ್ ಆತು, ಗೋವಾದ ಮೊದಲ ಕಂಟೈನ್‌ಮೆಂಟ್ ಝೋನ್ ಅದು, ಅಲ್ಲಿನ ಮಂದಿ ಅಂದ್ರ ಪ್ಯಾಟಿಯಾಗ ಸಾಮಾನು ಕೊಡಾಕೂ ಹೆದರೋ ಕಾಲ, ಆವಾಗೂ ಬಾಯಿ ಬ್ಯಾರಿಕೇಡ್ ತನಕ ಹೋಗಿ ಔಷಧಿ ಚೀಟಿ ತಗೊಂಡು ಬಂದು ಔಷಧಿ ಮುಟ್ಟಿಸ್ತಿದ್ರು.

ಇನ್ನೊಂದು ಕೆಲಸ ಅದಕ್ಕಿಂತ ಹಳೇದು. ಇಲ್ಲಿ ವಯಸ್ಸಾದವ್ರಿಗೆ ದಯಾನಂದ ಸಾಮಾಜಿಕ ಸುರಕ್ಷಾ ಯೋಜನೆ ಅಂತ ತಿಂಗಳಿಗೆ 2,000 ರೂಪಾಯಿ ಬರ್ತೈತಿ, ಹೆಣ್ಮಕ್ಕಳಿಗೆ ಗೃಹ ಆಧಾರ್ ಅಂತ 1,500, ಆದ್ರ 15 ವರ್ಷ ಗೋವಾದಾಗ ಇದ್ದದ್ದಕ್ಕ ಪುರಾವೆ ಬೇಕು. ಬಾಡಿಗಿ ಖೋಲಿಯಾಗ ಇದ್ದವ್ರ ಹತ್ರ ಎಲ್ಲಿಂದ ಪುರಾವೆ ಬರಬೇಕು, ಕರೆಂಟ್ ಬಿಲ್ ಮಾಲಕನ ಹೆಸರಿಗೆ, ಹಳೇ ರೇಷನ್ ಕಾರ್ಡ್ ಊರಾಗ. 2004ರಾಗ ಬೈನಾ ಬೀಚಿನ ಮನಿ ಕೆಡವಿದಾಗ ಟ್ರಂಕಿನ ಜೊತಿ ಕಾಗದಾನೂ ಕಳಕೊಂಡವ್ರು ನಮ್ಮ ಓಣಿಯಾಗ ಅದಾರ. ಬಾಯಿ ಏನ್ ಮಾಡ್ತಿದ್ರು ಅಂದ್ರ, ಮಕ್ಕಳ ಸಾಲಿ ದಾಖಲಾತಿ, ಲಸಿಕಿ ಹಾಕಿಸಿದ ಕಾರ್ಡು, ಹೆರಿಗಿ ಆದ ದವಾಖಾನಿ ಚೀಟಿ, ಹಿಂಗ ವರ್ಷಕ್ಕ ಒಂದರಂತ ಜೋಡಿಸಿ ಫೈಲ್ ಮಾಡಿ ಕೊಡ್ತಿದ್ರು. ಒಬ್ಬ ಮುದುಕಿ ಫೈಲಿನಾಗ ಮೂರು ವರ್ಷ ಖಾಲಿ ಉಳಿದಿತ್ತು, ಆ ಮೂರು ವರ್ಷ ಮುದುಕಿ ಕಸ ಹೊಡಿತಿದ್ದ ಅಂಗಡಿ ಹುಡುಕಿ ಅವ್ರ ಹಳೇ ಹಾಜರಿ ಪುಸ್ತಕ ತಗಸಿದ್ರು. ನಾ ಕಣ್ಣಾರೆ ನೋಡೇನಿ.

ಹಂಗಾರ ನಮ್ಮವ್ರು? ಅವ್ರ ಬಗ್ಗೆ ಕೆಟ್ಟದ್ದು ಹೇಳಾಕ ನನಗ ಮನಸ್ಸಿಲ್ಲ. ಲೇಬರ್ ಕಾಂಟ್ರ್ಯಾಕ್ಟ್ ಮಾಡಿ ಮ್ಯಾಲೆ ಬಂದವ್ರು, ಎಷ್ಟೋ ಹುಡುಗ್ರಿಗೆ ಮೊದಲ ಕೆಲಸ ಕೊಟ್ಟಾರ, ನವೆಂಬರ್ 1ಕ್ಕ ಊಟಕ್ಕ ಹಾಕ್ತಾರ, ಜಾತ್ರಿಗೆ ಬಸ್ ಮಾಡ್ತಾರ. ಆದ್ರ ಅವ್ರ ಮುಂಶಿ ಪ್ರಚಾರಕ್ಕ ನಮ್ಮ ಮನಿಗೆ ಬಂದು ಲಿಸ್ಟ್ ನೋಡಿ, ಇಲ್ಲಿ ಓಟಿಲ್ಲ ಮುಂದ ನಡಿ ಅಂದು ಹೋದ್ರು, ಮಾತು ಬಿಡ್ರಿ, ನೀರು ಕುಡೀರಿ ಅಂತ ನಾ ಅನ್ನೂದ್ರೊಳಗ ಹೋಗಿಬಿಟ್ಟಿದ್ರು. ಕನ್ನಡ ಮಾತಾಡವ ಬಂದ್ರ ನನಗೂ ಎದಿ ತುಂಬ್ತೈತಿ, ಸುಳ್ಳು ಹೇಳೂದಿಲ್ಲ. ಇಲ್ಲಿ ಬಸ್ಸಿನಾಗ ಘಾಂಟಿ (ಘಾಟ್ ಆಚಿಯಿಂದ ಬಂದವ್ರಿಗೆ ಬೈಯೋ ಮಾತು) ಅಂತ ಅನಿಸಿಕೊಂಡವ್ರಿಗೆ ಆ ಖುಷಿ ಏನಂತ ಗೊತ್ತಿರ್ತೈತಿ. ಅದೊಂದೇ ಸಾಕು ಅಂತ ಮಾತ್ರ ನನಗ ಅನಿಸಲಿಲ್ಲ.

ಈಗ ಕಷ್ಟದ ಮಾತು, ಮಹದಾಯಿ ನದಿ ನೀರಿನ ಜಗಳ. ನಮ್ಮಪ್ಪ ನರಗುಂದದ ರೈತ. 1980ರ ರೈತ ಬಂಡಾಯ ನೋಡಿದವ್ರು, ಆ ನದಿ ನೀರು ನಮ್ಮ ಕಡಿ ತಿರುಗಿಸೋ ಕಳಸಾ ಬಂಡೂರಿ ಯೋಜನೆ ಸಲುವಾಗಿ 2015ರಿಂದ ನಡದ ಧರಣಿ ಪೆಂಡಾಲಿನಾಗ ಎಷ್ಟೋ ದಿನ ಕುಂತವ್ರು. 2018ರ ಆಗಸ್ಟ್‌ನಾಗ ಟ್ರಿಬ್ಯೂನಲ್ ಕರ್ನಾಟಕಕ್ಕ 13.42 ಟಿಎಂಸಿ ಅಂತ ಹೇಳಿದಾಗ ಇದ್ರಾಗ ಕುಡಿಯಾಕ ಎಷ್ಟು ಬರ್ತೈತಿ ಅಂತ ನನಗ ಫೋನ್ ಮಾಡಿ ಕೇಳಿದ್ರು. ಗೋವಾದವ್ರಿಗೆ ಅದೇ ನದಿ ಮ್ಹಾದೆಯಿ, ತಾಯಿ ಅಂತಾರ. 2022ರಾಗ ಗೋವಾ ರಾಜ್ಯಕ್ಕ ಬಿಜೆಪಿ ಉಸ್ತುವಾರಿ ಸಿ.ಟಿ. ರವಿ, ಕಾಂಗ್ರೆಸ್ ಉಸ್ತುವಾರಿ ದಿನೇಶ್ ಗುಂಡೂರಾವ್, ಎರಡೂ ಕಡಿ ಕನ್ನಡದವ್ರೇ, ಹಂಗಾಗಿ ನಮ್ಮ ಕಡಿ ಕನ್ನಡದಾಗ ಪ್ರಚಾರಕ್ಕ ಬರ ಇರಲಿಲ್ಲ. ಆದ್ರ ನಮ್ಮ ಓಣಿಗೆ ಬಂದ ಯಾವ ಕಾರ್ಯಕರ್ತರೂ ನೀರಿನ ಮಾತು ಎತ್ತಲಿಲ್ಲ, ಎತ್ತಿದ್ರ ಇಲ್ಲಿ ಓಟ್ ಹೋಗ್ತಾವ, ಇಲ್ಲಾಂದ್ರ ಅಲ್ಲಿ ಹೋಗ್ತಾವ.

ಬಾಯಿಗೆ ನಮ್ಮ ಓಣಿ ಹುಡುಗ ಒಬ್ಬ ಎಲ್ಲಾರ ಮುಂದ ಕೇಳಿಬಿಟ್ಟ, ಮಹದಾಯಿ ನೀರು ನಮ್ಮೂರಿಗೆ ಬಿಡ್ತೀರೇನ್ರಿ ಅಂತ. ಬಾಯಿ ಹಿಂದಿ ಕನ್ನಡ ಕೂಡಿಸಿ ಹೇಳಿದ್ರು, ಇಲ್ಲಪ್ಪಾ, ನದಿ ತಿರುಗಿಸೂದಕ್ಕ ನಾ ವಿರೋಧ, ಗೆದ್ರ ಸದನದಾಗೂ ಅದನ್ನೇ ಹೇಳ್ತೀನಿ, ಈಗ ಹೌದು ಅಂತ ಹೇಳಿ ನಿಮ್ಮ ಓಟ್ ತಗೊಂಡ್ರ ಅದು ಕಳವು. ಓಣಿ ಸುಮ್ಮನಾತು. ನನಗ ಎದಿಯಾಗ ಚುಚ್ಚಿದಂಗಾತು, ನಮ್ಮಪ್ಪನ ಮಾರಿ ಕಣ್ಮುಂದ ಬಂತು, ಆ ರಾತ್ರಿ ನಾ ಬಾಯಿ ಜೊತಿ ಜಗಳಾನೇ ಮಾಡಿದೆ, ಎರಡು ದಿನ ಪ್ರಚಾರಕ್ಕ ಹೋಗಲಿಲ್ಲ. ಮೂರನೇ ದಿನಕ್ಕ ಒಂದು ಸುದ್ದಿ ಬಂತು. ಪಕ್ಕದ ವಾಡ್ಯದಾಗ ಕೊಂಕಣಿ ಮಂದಿ ಸೇರಿದಲ್ಲಿ ಒಬ್ರು, ಈ ಘಾಂಟಿ ಮಂದಿಯಿಂದ ಊರು ಕೆಟ್ಟಿತು, ಅವ್ರ ಖೋಲಿ ತಗಸ್ತೀರೇನು ಅಂತ ಕೇಳಿದ್ರಂತ. ಅಲ್ಲೂ ಬಾಯಿ ಇಲ್ಲ ಅಂದಾರ. ನಿಮ್ಮ ಮನಿ ಕಟ್ಟಿದವ್ರು ಅವ್ರು, ನಾ ಗೆದ್ರ ಅವ್ರಿಗೆ ಸಂಡಾಸು ನಳ ಹಾಕಸೂದು ನನ್ನ ಮೊದಲ ಕೆಲಸ, ಇಷ್ಟ ಇಲ್ಲಾಂದ್ರ ಓಟ್ ಹಾಕಬ್ಯಾಡ್ರಿ ಅಂದಾರ. ಒಂದೇ ವಾರದಾಗ ಎರಡೂ ಕಡಿ ಓಟ್ ಕಳಕೊಂಡ್ರು. ನಾ ಮರುದಿನ ಮುಂಜಾನಿ ಚಪ್ಪಲಿ ಹಾಕ್ಕೊಂಡು ಹೋದೆ, ನೀರಿನ ವಿಷಯದಾಗ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ, ಅವ್ರದ್ದೂ ಇಲ್ಲ.

ಅವ್ರು ನಿಂತದ್ದಾದರೂ ಯಾಕ ಅಂತ ಕೇಳ್ತಾರ, ಸಮಾಜಸೇವಾ ಹಂಗೇ ಮಾಡಬಹುದಿತ್ತಲ್ಲ ಅಂತ. ನಾನೂ ಕೇಳಿದ್ದೆ. 15 ವರ್ಷದ ನಿಯಮ ಬಾಡಿಗಿ ಮಂದಿಗೆ ಹೆಂಗ ಸಾಬೀತು ಮಾಡಬೇಕು ಅನ್ನೂದು ಬರವಣಿಗಿಯಾಗ ಬದಲಾಗಬೇಕು, ನಾ ಒಂದೊಂದೇ ಫೈಲ್ ಮಾಡ್ಕೋತ ಹೋದ್ರ ನನ್ನ ಆಯುಷ್ಯ ಸಾಲೂದಿಲ್ಲ ಅಂದಿದ್ರು. ಪ್ರತಿ ಸರ್ತಿ ಯಾರದರ ಪತ್ರಕ್ಕ ಯಾರದರ ಬಾಗಿಲಾಗ ನಿಂತು ನಿಂತು ಅವ್ರಿಗೆ ಇದು ಹೊಳದಿತ್ತು. ಕುರ್ಚಿ ಆಸೆ ಇರಲೇ ಇಲ್ಲ ಅಂತ ನಾ ಹೇಳೂದಿಲ್ಲ, ಸದನದಾಗ ಎದ್ದು ನಿಂತು ಮಾತಾಡಬೇಕು ಅಂತ ಅವ್ರಿಗೆ ಭಾಳ ಇತ್ತು, ಅದ್ರಾಗ ತಪ್ಪೇನೂ ನನಗ ಕಾಣಿಸೂದಿಲ್ಲ. ಸಿಟ್ಟು ಜಾಸ್ತಿ, ಕಾಗದ ತರದ ಬಂದವ್ರಿಗೆ ಸಣ್ಣ ಮಕ್ಕಳಿಗೆ ಬೈದಂಗ ಬೈತಾರ, ಅದಕ್ಕೂ ಒಂದಿಷ್ಟು ಓಟ್ ಹೋಗಿರಬೇಕು.

ಪ್ರಚಾರ ಅಂದ್ರ ದೊಡ್ಡದೇನಲ್ಲ. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮಂದಿ ಓಟರ್ಸ್ ಸೂಚಕರಾಗಿ ಸಹಿ ಹಾಕಬೇಕು, ಡಿಪಾಜಿಟ್ 10,000. ನಾ ಪೆನ್ನು ಹಿಡಕೊಂಡು ಕುಂತಿದ್ದೆ, ನಿನ್ನ ಹೆಸರು ಇಲ್ಲಿಲ್ಲಲ್ಲ ಅಂತ ಬಾಯಿ ಪೆನ್ನು ಇಸಕೊಂಡ್ರು, ಆ ಹೊತ್ತು ಆದ ನೋವು ಮರೆಯೂದಿಲ್ಲ. ಗೋವಾದಾಗ ಒಬ್ಬ ಕ್ಯಾಂಡಿಡೇಟ್ 28 ಲಕ್ಷ ತನಕ ಖರ್ಚು ಮಾಡಬಹುದು, ನಮ್ಮ ಖರ್ಚಿನ ರಜಿಸ್ಟರ್ ನಾನೇ ಬರೀತಿದ್ದೆ, ಅದ್ರಾಗ ಹೆಚ್ಚಿಗಿ ಇದ್ದದ್ದು ಜೆರಾಕ್ಸು, ಚಹಾ, ಒಂದು ಬಾಡಿಗಿ ರಿಕ್ಷಾ. ಕೊರೊನಾ ಅಂತ ದೊಡ್ಡ ಸಭಾ ಬಂದ್ ಇದ್ವು, ಮನಿಮನಿಗೆ ಹೋಗಾಕ ಮೊದಮೊದಲು 5 ಮಂದಿಗಷ್ಟೇ ಪರವಾನಗಿ. ನಾವು ಇದ್ದದ್ದೇ ಐದು ಮಂದಿ.

ಆಣಿ ವಿಷಯಾನೂ ಹೇಳಬೇಕು. ಆ ಜನವರಿಯಾಗ ಕಾಂಗ್ರೆಸ್ ತನ್ನ ಕ್ಯಾಂಡಿಡೇಟ್‌ಗಳನ್ನ ಗುಡಿ, ಚರ್ಚ್, ದರ್ಗಾಕ್ಕ ಕರಕೊಂಡು ಹೋಗಿ ಪಕ್ಷ ಬಿಡೂದಿಲ್ಲ ಅಂತ ಆಣಿ ಮಾಡಿಸಿತ್ತು, ಯಾಕಂದ್ರ 2019ರಾಗ ಅವ್ರ 10 ಮಂದಿ ಒಮ್ಮೆಲೇ ಬಿಜೆಪಿಗೆ ಹೋಗಿದ್ರು. ನಮ್ಮ ಮಂದಿ ಬಾಯಿಗೂ ಆಣಿ ಮಾಡ್ರಿ ಅಂದ್ರು. ಅವ್ರು ಒಪ್ಪಲಿಲ್ಲ, ನನ್ನ ಮನಿ ನಿಮಗ ಗೊತ್ತೈತಿ, ತಪ್ಪಿದ್ರ ಬಂದು ಬಾಗಿಲು ಬಡೀರಿ, ದೇವ್ರಿಗ್ಯಾಕ ತ್ರಾಸು ಅಂದ್ರು. 2022ರ ಸೆಪ್ಟೆಂಬರ್ 14ಕ್ಕ ಆ ಆಣಿ ಮಾಡಿದ ಪಕ್ಷದಿಂದ ಗೆದ್ದ 11ರೊಳಗ 8 ಮಂದಿ ಬಿಜೆಪಿ ಸೇರಿದ್ರು. ಮೂರರಾಗ ಎರಡು ಪಾಲು ಮಂದಿ ಕೂಡಿ ಹೋದ್ರ ಕಾನೂನಿನಾಗ ಸೀಟು ಉಳಿತೈತಿ, 11ಕ್ಕ ಅದು ಕಡಿಮಿ ಅಂದ್ರ ಎಂಟು.

ಬಾಯಿ ಸೋತ್ರು, ಡಿಪಾಜಿಟೂ ಹೋತು, ಚಲಾವಣಿ ಆದ ಓಟಿನಾಗ ಆರರಾಗ ಒಂದು ಪಾಲಿಗಿಂತ ಹೆಚ್ಚು ಬಂದ್ರ ಮಾತ್ರ ಅದು ತಿರುಗಿ ಸಿಗೂದು. ನಮ್ಮವ್ರೂ ಸೋತ್ರು.

2023ರ ಮೇದಾಗ ನಾ ಊರಿಗೆ ಹೋಗಿ ಓಟ್ ಹಾಕಿ ಬಂದೆ. ಬಂದ ಮ್ಯಾಲೆ ಫಾರ್ಮ್ 8 ತುಂಬಿ ಹೆಸರು ಇಲ್ಲಿಗೆ ತಂದುಬಿಡ್ತೀನಿ ಅಂತ ಬಾಯಿಗೆ ಹೇಳಿದೆ, ಖುಷಿ ಪಡ್ತಾರ ಅಂತ ತಿಳಕೊಂಡಿದ್ದೆ. ಅವ್ರು ನಿಮ್ಮಪ್ಪಗ ಕೇಳಿದಿ ಏನು, ನೀರಿನ ಸಲುವಾಗಿ ಅಲ್ಲಿ ಒಂದು ಓಟ್ ಕಡಿಮಿ ಆಗ್ತೈತಿ, ಕೇಳಿ ತುಂಬು ಅಂದ್ರು. ಒಂದು ವಾರ ಆ ಫಾರ್ಮ್ ಹೊಲಿಗಿ ಮಷಿನ್ ಮ್ಯಾಲೆ ಹಂಗೇ ಬಿದ್ದಿತ್ತು. ಕಡೀಕ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಕ್ಕಳು ಸಾಲಿ ಕಲಿಯೂದು ಎಲ್ಲಿ ಅಂತ ಕೇಳಿದ್ರು, ಇಲ್ಲೇ ಅಂದೆ, ಹಂಗಾರ ಅಲ್ಲೇ ಹಾಕವಾ ಅಂದ್ರು.

ಹೆಸರು ಈಗ ಇಲ್ಲೈತಿ. 2027ಕ್ಕ ನಿಲ್ತಾರೋ ಇಲ್ಲೋ ಬಾಯಿ ಇನ್ನೂ ಹೇಳಿಲ್ಲ. ನಿಂತ್ರ ಆ ಹತ್ತು ಸಹಿಯೊಳಗ ಒಂದು ನಂದು.