ಮಳೆಮಾಪಕ ಸರಿ ಇದ್ದರೆ ತಾನೆ ಎಐ

13 ಜುಲೈ 2025, ಭಾನುವಾರ
ಶಿರಸಿ

ಮಳೆ ಹೊಳವಾಗುವ ಲಕ್ಷಣವೇ ಇಲ್ಲ. ಅಡಿಕೆ ಮರ ಹತ್ತಿ ಕೊಳೆ ರೋಗದ ಔಷಧಿ ಹೊಡೆಯಲು ಬಂದ ಕೊನೆಗೌಡ ಚಾ ಕುಡಿದು ವಾಪಸ್ ಹೋದ. ಭಾವ ಬೆಂಗಳೂರಿನಿಂದ ಬಂದಿದ್ದಾನೆ. ಜಗುಲಿಯಲ್ಲಿ ಕೂತು ಬೇರೇನು ಮಾಡೋದು? ಎಐ ಬಗ್ಗೆ ವಾದ ಶುರುವಾಯಿತು.

ಅವನ ಹತ್ತಿರ ಲೆಕ್ಕ ಇತ್ತು. ಎಐನಿಂದ ಹತ್ತು ವರ್ಷದಲ್ಲಿ ಜಗತ್ತಿನ ಜಿಡಿಪಿ ಶೇ. 7ರಷ್ಟು ಏರಬಹುದು ಅಂತ ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2023ರಲ್ಲಿ ಅಂದಾಜು ಮಾಡಿತ್ತು. ನಾನು 2024ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಡರಾನ್ ಅಸೆಮೊಗ್ಲು ಹೆಸರು ತೆಗೆದೆ. ಅವರ ಪ್ರಕಾರ ಹತ್ತು ವರ್ಷ ಸೇರಿಸಿದರೂ ಎಐನಿಂದ ಉತ್ಪಾದಕತೆ ಶೇ. 1ರಷ್ಟೂ ಏರುವುದಿಲ್ಲ. ಎರಡೂ ಒಂದೇ ಅಳತೆಯಲ್ಲ, ನಿಜ. ಆದರೂ ಅಂತರ ನೋಡಿ!

ಒಂದು ವಿಷಯ ಒಪ್ಪಿದೆ. ಗ್ರಾಹಕರ ದೂರು ಕೇಳುವ 5,000ಕ್ಕೂ ಹೆಚ್ಚು ನೌಕರರ ಮೇಲೆ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಮಾಡಿದ್ದರು. ಎಐ ನೆರವಿನಿಂದ ಅವರು ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ. 14 ಜಾಸ್ತಿ ಆದವು. ಹೊಸಬರದ್ದು ಶೇ. 34. ಪಳಗಿದವರಿಗೆ ಲಾಭ ಅಷ್ಟಕ್ಕಷ್ಟೆ. ಅವರ ಮಾತುಕತೆಯಿಂದಲೇ ಯಂತ್ರ ಕಲಿತದ್ದು, ಅವರಿಗೇ ಹೆಚ್ಚೇನೂ ಸಿಗಲಿಲ್ಲ ಅನ್ನೋದು ಬೇರೆ ಮಾತು. ನಗರ ಬಿಟ್ಟು ತೋಟಕ್ಕೆ ಮರಳಿದ ನಮ್ಮ ಹುಡುಗರಿಗೂ ಹೀಗೆ ಅನುಕೂಲ ಆಗಬಹುದು. ಎಲೆಚುಕ್ಕಿ ರೋಗವೋ, ಬರೀ ಗೊಬ್ಬರದ ಕೊರತೆಯೋ ಅಂತ ಫೋಟೊ ನೋಡಿ ಕನ್ನಡದಲ್ಲೇ ಹೇಳಿದರೆ ಯಾರಿಗೆ ಬೇಡ?

ನನ್ನ ತಕರಾರು ಇರುವುದು ವಿಮೆ ವಿಷಯದಲ್ಲಿ. ಅಡಿಕೆ, ಕಾಳುಮೆಣಸಿಗೆ ನಮ್ಮಲ್ಲಿರುವುದು ಹವಾಮಾನ ಆಧಾರಿತ ಬೆಳೆ ವಿಮೆ. ಕೊಳೆ ಬಂದು ಎಷ್ಟು ಕಾಯಿ ಉದುರಿತು ಅಂತ ತೋಟಕ್ಕೆ ಬಂದು ಎಣಿಸುವ ಪದ್ಧತಿ ಇದರಲ್ಲಿಲ್ಲ. ಪಂಚಾಯಿತಿಯ ಮಳೆಮಾಪಕ ಎಷ್ಟು ಮಳೆ ಹೇಳಿತೋ ಅದನ್ನು ನೋಡಿಯೇ ಪರಿಹಾರ. ಮಾಪಕ ಕೆಟ್ಟಿದ್ದರೆ ಮುಗೀತು. ಮರದ ಬುಡದಲ್ಲಿ ಕೊಳೆತ ಕಾಯಿ ರಾಶಿ ಬಿದ್ದಿರುತ್ತದೆ, ವಿಮೆಯವರ ಅಂಕಿಯಲ್ಲಿ ಮಳೆಯೇ ಆಗಿರುವುದಿಲ್ಲ! ಇಂಥ ಅಂಕಿಯ ಮೇಲೆ ಎಷ್ಟು ಜಾಣ ಯಂತ್ರ ಕೂರಿಸಿದರೂ ತಪ್ಪು ಉತ್ತರ ಬೇಗ ಬರುತ್ತದೆ, ಅಷ್ಟೆ. ಈಗ ಗುಮಾಸ್ತರ ಹತ್ತಿರವಾದರೂ ಜಗಳ ಆಡಬಹುದು. ನಾಳೆ 'ಕಂಪ್ಯೂಟರೇ ಹೇಳಿದೆ' ಅಂದರೆ ಯಾರನ್ನು ಕೇಳೋದು?

"ಉಪಗ್ರಹ ಇದೆಯಲ್ಲ, ಮಾಪಕ ಯಾಕೆ?" ಅಂದ ಭಾವ. ಈ ಗುಡ್ಡದ ಮಳೆ ಆಚೆ ಗುಡ್ಡಕ್ಕಿಲ್ಲ ಮಾರಾಯಾ, ಇಲ್ಲೇ ಹುಟ್ಟಿ ಬೆಳೆದವನು ನೀನು, ಗೊತ್ತಿಲ್ವಾ ಅಂದೆ.

ನಿಜಕ್ಕೂ ಎಐ ಇಲ್ಲಿ ಒಂದು ಕೆಲಸ ಮಾಡಬಹುದು. ಅಕ್ಕಪಕ್ಕದ ಪಂಚಾಯಿತಿಗಳ ಅಂಕಿಗಳನ್ನು ದಿನಾ ಹೋಲಿಸಿದರೆ ಯಾವ ಮಾಪಕ ಕೈಕೊಟ್ಟಿದೆ ಅಂತ ಅವತ್ತೇ ಗುಮಾನಿ ಬರುತ್ತದೆ. ವಿಮೆ ತೀರ್ಮಾನ ಆಗುವ ಹೊತ್ತಿಗಲ್ಲ, ಮಳೆ ಸುರಿಯುತ್ತಿರುವಾಗಲೇ ರಿಪೇರಿ ಮಾಡಿಸಬಹುದು. ಭಾರಿ ತಂತ್ರಜ್ಞಾನವೂ ಬೇಡ. ನಿಮ್ಮ ಕಂಪನಿಯಲ್ಲಿ ಇದನ್ನು ಮಾಡಿ ಕೊಡಿ ಅಂದೆ ಭಾವನಿಗೆ.

"ಮಾಡಬಹುದು. ದುಡ್ಡು ಯಾರು ಕೊಡ್ತಾರೆ?" ಅಂದ.