ಹನ್ನೊಂದನೆಯ ತೇರು

ಆಗಸ್ಟ್ 29ಕ್ಕೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಬಾವುಟ ಏರಿತೆಂದರೆ ನಮ್ಮ ಬೀರುವಿನಿಂದ ಕಾವಿ ಬಣ್ಣದ ಸೀರೆ ಹೊರಗೆ ಬರುತ್ತದೆ. ಅಲ್ಲಿಂದ ನವೇನ ಎಂಬ ಒಂಬತ್ತು ದಿನಗಳ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಮರಿಯ ಮಾತೆಯ ಹುಟ್ಟುಹಬ್ಬ, ತೇರು. ಆ ದಿನಗಳಲ್ಲಿ ರಸೆಲ್ ಮಾರ್ಕೆಟ್ ಎದುರು ಕಾಲಿಡಲು ಜಾಗವಿರುವುದಿಲ್ಲ. ಮೇಣದ ಬತ್ತಿ, ಮಲ್ಲಿಗೆ, ಕಡಲೆಕಾಯಿ, ಕಾವಿಯುಟ್ಟ ಹೆಂಗಸರು. ಒಳಗೆ ಮಾತೆಯೂ ಸೀರೆ ಉಟ್ಟೇ ನಿಂತಿರುತ್ತಾಳೆ, ನಮ್ಮ ಮನೆಯ ಹಿರಿಯಳಂತೆ.

ಈ ವರ್ಷವೂ ಯಜಮಾನರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅವರಿಗೆ ಲಕ್ವ ಹೊಡೆದ ಮೇಲೆ ಇದು ಹನ್ನೊಂದನೆಯ ತೇರು. ಬಲಗೈ, ಬಲಗಾಲು ಹೋದವು. ಅದಕ್ಕಿಂತ ದೊಡ್ಡದಾಗಿ ಮಾತು ಹೋಯಿತು. ಬಸ್ ಕಂಡಕ್ಟರ್ ಆಗಿದ್ದವರು, ದಿನವಿಡೀ ‘ಒಳಗೆ ಹೋಗಿ, ಚಿಲ್ಲರೆ ಕೊಡಿ’ ಎಂದು ಕೂಗಿ ಮನೆಗೆ ಬಂದ ಮೇಲೂ ಬಾಯಿ ಮುಚ್ಚದವರು. ಈಗ ಅವರ ಬಳಿ ಉಳಿದಿರುವುದು ಎರಡೇ ಪದ: ‘ಅದು’ ಮತ್ತು ‘ಆಯಿತು’. ನೀರು ಬೇಕಾದರೂ ಅದು, ಸೊಳ್ಳೆ ಕಚ್ಚಿದರೂ ಅದು.

ಹಬ್ಬಕ್ಕೆ ಬಂದವರು ಕೇಳುತ್ತಾರೆ, ‘ಹರಕೆ ತೀರಿಸಲು ಬಂದಿರಾ?’ ಇಲ್ಲ. ತೀರಿಸಲು ಮೊದಲು ಬೇಡಿದ್ದು ನಡೆಯಬೇಕಲ್ಲ! 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮಾತೆಗೆ ಮೊರೆಯಿಟ್ಟು ಬದುಕಿದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಕಣ್ಣರಳಿಸಿ ಕೇಳುತ್ತಿದ್ದೆ. ಈಗ ನನ್ನ ಮನಸ್ಸು ಮೊರೆಯಿಟ್ಟೂ ಬದುಕದವರ ಕಡೆಗೆ ಹೋಗುತ್ತದೆ. ಅವರೂ ಇದೇ ನೆಲದ ಮೇಲೆ ಮೊಣಕಾಲೂರಿದ್ದರು. ಕಟ್ಟಡಕ್ಕೆ ಆಗಿನ್ನೂ ಹದಿನಾರು ವರ್ಷ. 1882ರ ಸೆಪ್ಟೆಂಬರ್ 8ರಂದೇ ಅದರ ಪ್ರತಿಷ್ಠೆ ಆಗಿದ್ದು. ಬದುಕದವರ ಸಾಕ್ಷಿಯನ್ನು ಯಾರೂ ಮೈಕಿನಲ್ಲಿ ಓದುವುದಿಲ್ಲ.

ಮೂರನೆಯ ವರ್ಷ ನಾನು ದೇವಾಲಯಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಪ್ರಾರ್ಥನೆ ಮಾಡಲೆಂದು ಮನೆಗೆ ಬಂದವರೊಬ್ಬರು ಕಾಫಿ ಕುಡಿದು, ‘ನಿಮ್ಮ ವಿಶ್ವಾಸ ಸಾಲದು ತಾಯಿ’ ಎಂದು ಹೇಳಿ ಹೋಗಿದ್ದರು. ಲೋಟ ತೊಳೆಯುತ್ತಾ ಅತ್ತುಬಿಟ್ಟೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರಾದರೂ ಮೊದಲು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಬಾಯಿ ತೆರೆದ ಮೇಲಲ್ಲವೇ ಅವರು ಕೆಟ್ಟಿದ್ದು!

ನನ್ನನ್ನು ಮತ್ತೆ ಕರೆತಂದವಳು ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದ ಒಬ್ಬ ಗೂನುಬೆನ್ನಿನ ಹೆಂಗಸು. 18 ವರ್ಷದಿಂದ ನೆಟ್ಟಗೆ ನಿಲ್ಲಲಾಗದವಳು. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಯೇಸುಸ್ವಾಮಿ ಬೋಧಿಸುತ್ತಿದ್ದಾಗ ಆಕೆ ಪ್ರಾರ್ಥನಾಮಂದಿರದಲ್ಲಿದ್ದಳು. ಸ್ವಾಮಿ ಕರೆದು, ಮುಟ್ಟಿ ಗುಣಪಡಿಸಿದರು. ಎಲ್ಲರೂ ಆ ಗುಣವಾದದ್ದನ್ನೇ ಹೇಳುತ್ತಾರೆ. ನನಗೆ ಅಂಟಿಕೊಂಡದ್ದು ಬೇರೆ. ಗುಣಪಡಿಸಿ ಎಂದು ಆಕೆ ಬೇಡಿದಳೆಂದು ಲೂಕನು ಬರೆದೇ ಇಲ್ಲ. ಆಕೆ ಸುಮ್ಮನೆ ಅಲ್ಲಿದ್ದಳು. ಹಿಂದಿನ ವಾರವೂ, ಅದರ ಹಿಂದಿನ ವಾರವೂ ಬಂದಿರಬೇಕು ಎಂಬುದು ನನ್ನ ಊಹೆ. ಬಾಗಿದ ಬೆನ್ನಿಗೆ ಕಾಣುವುದೇನು? ನೆಲ, ಧೂಳು, ಅವರಿವರ ಪಾದ. ಅಷ್ಟನ್ನೇ ನೋಡುತ್ತಾ ದಾರಿ ಸವೆಸಿ ಬಂದಿದ್ದಾಳೆ. ಸಬ್ಬತ್ ದಿನ ಗುಣಪಡಿಸಿದ್ದನ್ನು ಕಂಡು ಮಂದಿರದ ಮುಖ್ಯಸ್ಥನಿಗೆ ಸಿಟ್ಟು; ಗುಣವಾಗಲು ಬೇರೆ ಆರು ದಿನಗಳಿಲ್ಲವೇ, ಆಗ ಬನ್ನಿ ಎನ್ನುತ್ತಾನೆ. ಸಬ್ಬತ್ ದಿನ ಎತ್ತು, ಕತ್ತೆಯನ್ನು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ ಎಂದು ಸ್ವಾಮಿ ಕೇಳಿದ್ದು ಅದಕ್ಕೇ. ಆಕೆಯನ್ನು ಯೆಹೂದ್ಯರ ಮೂಲಪುರುಷನಾದ ‘ಅಬ್ರಹಾಮನ ಮಗಳು’ ಎಂದರು. ನೆಟ್ಟಗಾದ ಮೇಲೆ ಮಾತ್ರವಲ್ಲ, ಬಾಗಿದ್ದಾಗಲೂ ಆಕೆ ಅಬ್ರಹಾಮನ ಮಗಳೇ.

ಇಷ್ಟಾದರೂ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯುತ್ತದೆ. ರಾತ್ರಿ ಜಪಸರ ಹಿಡಿದು ಕುಳಿತು ನಾನು ‘ಪರಲೋಕದಲ್ಲಿರುವ’ ಎಂದರೆ ಸಾಕು, ಯಜಮಾನರು ‘ನಮ್ಮ ತಂದೆಯೇ’ ಎಂದು ಹಿಡಿದುಕೊಂಡು ಕೊನೆಯವರೆಗೆ ತಡವರಿಸದೆ ಹೇಳುತ್ತಾರೆ. ಹಾರೋಬೆಲೆಯ ಅಜ್ಜಿ ಕಲಿಸಿದ ಅದೇ ರಾಗದಲ್ಲಿ. ಮೊದಲ ಸಲ ಕೇಳಿದಾಗ ಅದ್ಭುತವಾಯಿತೆಂದು ಅಕ್ಕಪಕ್ಕದವರನ್ನೆಲ್ಲ ಕರೆದೆ. ಡಾಕ್ಟರು ನಕ್ಕು ಬಿಡಿಸಿ ಹೇಳಿದರು: ಬಾಯಿಪಾಠವಾದ ಪ್ರಾರ್ಥನೆ, ಹಾಡು, ಒಂದು ಎರಡು ಎಣಿಕೆ ಇವೆಲ್ಲ ನಾವಾಗಿ ಜೋಡಿಸಿ ಆಡುವ ಮಾತಿನಂತಲ್ಲ, ಮಿದುಳಿನ ಆ ಭಾಗ ಕೆಟ್ಟರೂ ಇವು ಎಷ್ಟೋ ಜನರಲ್ಲಿ ಉಳಿಯುತ್ತವೆ. ಒಪ್ಪಿದೆ. ಆದರೂ ನೀರು ಕೇಳಲಾಗದ ಮನುಷ್ಯ ಆ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಸ್ಪಷ್ಟವಾಗಿ ಕೇಳುವುದನ್ನು ಪ್ರತಿ ರಾತ್ರಿ ಎದುರು ಕುಳಿತು ಕೇಳುವವಳು ನಾನು, ಡಾಕ್ಟರಲ್ಲ. ಈ ಹನ್ನೊಂದು ವರ್ಷವೂ ಹಾಗೆಯೇ ಬಂದಿದೆ, ಒಂದೊಂದು ದಿನದ್ದಾಗಿ. ಮೊದಲೇ ಒಟ್ಟಿಗೆ ತೋರಿಸಿದ್ದರೆ ನಾನು ಓಡಿಹೋಗುತ್ತಿದ್ದೆ.

ಮೊದಲ ಪದವನ್ನು ಮಾತ್ರ ಅವರು ತಾವಾಗಿ ಹಿಡಿಯಲಾರರು. ನಾನು ಕೊಡಬೇಕು.

ಸೆಪ್ಟೆಂಬರ್ 8ರ ರಾತ್ರಿ ಮನೆ ಸೇರುವಾಗ ಹತ್ತೂವರೆ. ಗಾಲಿಕುರ್ಚಿಯನ್ನು ಮೂರು ಮೆಟ್ಟಿಲು ಹತ್ತಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಸೀರೆಯನ್ನೂ ಬದಲಿಸದೆ ಚಾಪೆಯ ಮೇಲೆ ಉರುಳಿದೆ. ಇವತ್ತು ಹಬ್ಬವಾಯಿತಲ್ಲ, ಜಪ ಬೇಡ ಎಂದುಕೊಂಡೆ. ಕಣ್ಣು ಹತ್ತುವಷ್ಟರಲ್ಲಿ ಮಂಚದ ಕಂಬಿಗೆ ಸ್ಟೀಲ್ ಲೋಟ ಬಡಿಯುವ ಸದ್ದು. ಎಡಗೈಯಲ್ಲಿ, ಟಣ್ ಟಣ್ ಎಂದು, ನಿಲ್ಲಿಸದೆ.

‘ನೀರು ಬೇಕೇ?’ ಎಂದೆ.

‘ಅದು’ ಎಂದರು. ಲೋಟದ ತುಂಬ ನೀರಿತ್ತು.

ಎದ್ದು ಕುಳಿತು, ಕತ್ತಲಲ್ಲೇ ಜಪಸರ ತಡಕಿ, ‘ಪರಲೋಕದಲ್ಲಿರುವ’ ಎಂದೆ.